ವರ್ಷದ 52 ಕಾಣಿಕೆ ಕವರ್‌ಗಳ ಪೆಟ್ಟಿಗೆ: ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ

ವರ್ಷದ ಕೊನೆಗೆ ಅನೇಕ ಕ್ರೈಸ್ತ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಕುಟುಂಬಕ್ಕೊಂದರಂತೆ ಪುಟ್ಟ ರಟ್ಟಿನ ಪೆಟ್ಟಿಗೆ ಹಂಚುತ್ತಾರೆ. ಒಳಗೆ 52 ಕವರ್. ಪ್ರತಿಯೊಂದರ ಮೇಲೂ ಒಂದು ಭಾನುವಾರದ ತಾರೀಖು, ಮೂಲೆಯಲ್ಲಿ ಕುಟುಂಬದ ಸಂಖ್ಯೆ, ಮೊತ್ತ ಬರೆಯಲು ಒಂದು ಗೆರೆ. ಜೊತೆಗೆ ಕ್ರಿಸ್ಮಸ್, ಈಸ್ಟರ್, ಕೃತಜ್ಞತಾ ಕಾಣಿಕೆ ಎಂದು ಐದಾರು ಬಣ್ಣದ ಕವರ್‌ಗಳು. ಇಷ್ಟೇ ಸಾಮಾನು. ನೋಡಲು ಏನೂ ವಿಶೇಷವಿಲ್ಲ. ಆದರೆ ಕೊಡುವುದನ್ನು ದಿನದ ಬದುಕಿನೊಳಗೆ ತರಲು ಸಿಗುವ ಸಾಧನಗಳಲ್ಲಿ, ಅಂದರೆ ಮನೆಯ ಹುಂಡಿ, ಬ್ಯಾಂಕಿನಿಂದ ತಾನಾಗಿ ಹೋಗುವ ಹಣ, ಮೊಬೈಲ್ ಆ್ಯಪ್ ಇವುಗಳ ನಡುವೆ, ನಮ್ಮ ಲೆಕ್ಕದಲ್ಲಿ ಮೊದಲ ಸ್ಥಾನ ಇದಕ್ಕೇ. ಕಾರಣ ಒಂದೇ. ಇದು ಖರ್ಚಿಗೆ ಮೊದಲೇ ತೀರ್ಮಾನ ಮಾಡಿಸುತ್ತದೆ. ಉಳಿದರೆ ಕೊಡೋಣ ಎಂದವರ ಕೈಯಲ್ಲಿ ಉಳಿಯುವುದು ಕಡಿಮೆ.

ಈ ಪೆಟ್ಟಿಗೆಯ ಹಿಂದಿರುವ ವಾಕ್ಯ ಬೈಬಲಿನ 1 ಕೊರಿಂಥ 16:2. ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ತನಗೆ ಬಂದ ಆದಾಯಕ್ಕೆ ತಕ್ಕಂತೆ ತೆಗೆದು ಗಂಟುಮಾಡಿಟ್ಟಿರಲಿ, ನಾನು ಬಂದಾಗ ಹಣ ಎತ್ತುವ ಕೆಲಸ ಆಗದಿರಲಿ ಎಂದು ಅಪೊಸ್ತಲ ಪೌಲನು ಬರೆಯುತ್ತಾನೆ. ಯೆರೂಸಲೇಮಿನ ಬಡವರಿಗಾಗಿ ಕೂಡಿಸುತ್ತಿದ್ದ ಹಣವದು. ಯಾವಾಗ, ಯಾರು, ಎಷ್ಟು ಎಂಬ ಮೂರಕ್ಕೂ ಆ ಒಂದೇ ವಾಕ್ಯದಲ್ಲಿ ಉತ್ತರವಿದೆ. ತಾರೀಖು, ಸಂಖ್ಯೆ, ಮೊತ್ತದ ಗೆರೆ ಇರುವ ಕವರು ಅದನ್ನೇ ಕಾಗದದ ಮೇಲೆ ಇಳಿಸಿದೆ.

ಹೆಚ್ಚಿನವರು ಎಡವುವುದು ಮೊತ್ತ ಬರೆಯುವಾಗ. ತಿಂಗಳಿಗೆ 1,300 ಕೊಡಬೇಕೆಂದು ತೀರ್ಮಾನಿಸಿದ ಮನೆಯವರು ಸಲೀಸಾಗಿ ನಾಲ್ಕರಿಂದ ಭಾಗಿಸಿ ವಾರಕ್ಕೆ 325 ಎಂದು ಬರೆದುಬಿಡುತ್ತಾರೆ. ವರ್ಷದಲ್ಲಿರುವುದು 48 ವಾರವಲ್ಲ, 52. 325ರ ಲೆಕ್ಕಕ್ಕೆ ವರ್ಷಕ್ಕೆ 16,900 ಆಯಿತು, ಒಪ್ಪಿಕೊಂಡದ್ದು 15,600. ಅಂದರೆ ಗೊತ್ತಿಲ್ಲದೆ ಹದಿಮೂರನೆಯ ತಿಂಗಳ ಕಾಣಿಕೆಗೆ ಸಹಿ ಹಾಕಿದಂತೆ. ಐದು ಭಾನುವಾರ ಬರುವ ತಿಂಗಳಲ್ಲಿ ಇದರ ಬಿಸಿ ತಟ್ಟುತ್ತದೆ: ಐದನೆಯ ಕವರಿಗೆ ಹಣ ಇರುವುದಿಲ್ಲ, ಅದು ಖಾಲಿ ಉಳಿಯುತ್ತದೆ, ಒಂದು ಸಲ ತಪ್ಪಿದ್ದು ಮುಂದಿನ ತಿಂಗಳು ಇನ್ನೂ ಸುಲಭವಾಗಿ ತಪ್ಪುತ್ತದೆ. ಸರಿಯಾದ ದಾರಿ ಎಂದರೆ ತಿಂಗಳ ಮೊತ್ತವನ್ನು 12ರಿಂದ ಗುಣಿಸಿ 52ರಿಂದ ಭಾಗಿಸುವುದು. ಇಲ್ಲಿ ವಾರಕ್ಕೆ 300 ಬರುತ್ತದೆ. ಹೆಚ್ಚು ಕೊಡಬೇಕೆಂದರೆ ಧಾರಾಳವಾಗಿ ಕೊಡಲಿ, ಆದರೆ ಲೆಕ್ಕ ತಪ್ಪಿ ಅಲ್ಲ.

ಸಂಬಳದವರು ಸಂಬಳ ಬಂದ ದಿನವೇ ಕೂತು ಆ ತಿಂಗಳ ನಾಲ್ಕು ಅಥವಾ ಐದು ಕವರ್‌ಗಳನ್ನು ಒಟ್ಟಿಗೆ ತುಂಬಿಸಿ ಅಂಟಿಸಿಬಿಡುವುದು ಒಳ್ಳೆಯದು. ಅದಕ್ಕೆ ಬೇಕಾದ ಚಿಲ್ಲರೆ ನೋಟುಗಳನ್ನು ಅಂದೇ ಮಾಡಿಸಿಕೊಳ್ಳಬೇಕು, ಇಲ್ಲವಾದರೆ ಭಾನುವಾರ ಬೆಳಿಗ್ಗೆ ಹೊರಡುವ ಹೊತ್ತಿಗೆ ಚಿಲ್ಲರೆಯ ಹುಡುಕಾಟ ಶುರುವಾಗುತ್ತದೆ. ಅಂಟಿಸದೆ ಬಿಟ್ಟ ಕವರು ತಿಂಗಳ ಮಧ್ಯದಲ್ಲಿ ಮನೆಯ ಸಣ್ಣ ಸಾಲದ ಸಂಘವಾಗುತ್ತದೆ. ನಾಳೆ ಹಾಕಿದರಾಯಿತು ಎಂದು ತೆಗೆದ ಹಣ ವಾಪಸು ಬರುವುದು ಅಪರೂಪ.

ದಿನಗೂಲಿ, ವ್ಯಾಪಾರ, ಬೇಸಾಯದವರಿಗೆ ಈ ಕ್ರಮ ಒಗ್ಗುವುದಿಲ್ಲ. ಅವರು ಮೊತ್ತ ನಿಗದಿ ಮಾಡುವ ಬದಲು ಪಾಲು ನಿಗದಿ ಮಾಡಿಕೊಳ್ಳಬೇಕು. ದಶಮಾಂಶವಾದರೆ ಹತ್ತರಲ್ಲಿ ಒಂದು, ಆಗದಿದ್ದರೆ ಇಪ್ಪತ್ತರಲ್ಲಿ ಒಂದು. ಹಣ ಕೈಗೆ ಬಂದ ದಿನ ಆ ಪಾಲನ್ನು ತೆಗೆದು ಮುಂದಿನ ಭಾನುವಾರದ ಕವರಿಗೆ ಹಾಕುವುದು. ವ್ಯಾಪಾರಿಗಳು ಗಲ್ಲಾಪೆಟ್ಟಿಗೆಗೆ ಬಿದ್ದದ್ದರ ಮೇಲೆ ಪಾಲು ಲೆಕ್ಕ ಹಾಕಿ ಒಂದೆರಡು ತಿಂಗಳಲ್ಲಿ ಕಂಗಾಲಾಗುವುದುಂಟು. ಸರಕಿನ ಖರೀದಿ, ಬಾಡಿಗೆ, ಕೆಲಸದವರ ಕೂಲಿ ಕಳೆದು ಉಳಿದದ್ದೇ ಆದಾಯ. ಏನೂ ಬಾರದ ವಾರದಲ್ಲಿ ಕವರು ಖಾಲಿ ಇದ್ದರೆ ಅದು ಖಾಲಿಯೇ ಸರಿ. ಮನಸ್ಸಿದ್ದರೆ ಇರುವುದರ ಪ್ರಕಾರ ಕೊಟ್ಟದ್ದು ಒಪ್ಪಿಗೆಯಾಗುತ್ತದೆ, ಇಲ್ಲದ್ದನ್ನು ಕೇಳುವುದಿಲ್ಲ ಎಂಬುದು 2 ಕೊರಿಂಥ 8:12ರ ಮಾತು. ಸುಮಾರು ಕ್ರಿ.ಶ. 197ರಲ್ಲಿ ಆದಿಕಾಲದ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಕ್ರೈಸ್ತರ ಪದ್ಧತಿಯನ್ನು ವಿವರಿಸುವಾಗಲೂ ತಿಂಗಳಿಗೊಮ್ಮೆ ಸ್ವಲ್ಪ ಹಣ, ಅದೂ ಮನಸ್ಸಿದ್ದರೆ ಮತ್ತು ಕೈಲಾದರೆ ಮಾತ್ರ, ಬಲವಂತವಿಲ್ಲ ಎಂದೇ ಹೇಳಿದ್ದಾನೆ. ಆ ಹಣ ಬಡವರ ಹೊಟ್ಟೆಗೆ, ಶವಸಂಸ್ಕಾರಕ್ಕೆ, ಅನಾಥ ಮಕ್ಕಳಿಗೆ, ಮುದುಕರಿಗೆ, ಸೆರೆಯಲ್ಲಿದ್ದವರಿಗೆ ಹೋಗುತ್ತಿತ್ತಂತೆ. ಖಾಲಿ ಕವರ್‌ಗಳ ಸಂಖ್ಯೆ ಹಿಡಿದು ಮನೆಗೆ ಬಂದು ವಿಚಾರಿಸುವ ಹಿರಿಯರಿದ್ದರೆ, ತಪ್ಪು ಪೆಟ್ಟಿಗೆಯದ್ದಲ್ಲ.

ಇನ್ನು ಸಾಮಾನಿನ ಗುಣಮಟ್ಟ. ಅಗ್ಗದ ಕಟ್ಟುಗಳಲ್ಲಿ ಕಾಗದ ತೆಳು. ನೋಟು ಹೊರಗಿನಿಂದಲೇ ಕಾಣುತ್ತದೆ, ನಾಣ್ಯ ಹಾಕಿದರೆ ಮೂಲೆ ಹರಿಯುತ್ತದೆ. 80 ಜಿಎಸ್‌ಎಂಗಿಂತ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಮಿನಲ್ಲಿ) ಕಡಿಮೆಯ ಕಾಗದ ಬೇಡ, 100 ಇದ್ದರೆ ನೆಮ್ಮದಿ. ಅತಿ ದೊಡ್ಡ ನೋಟು ಒಂದೇ ಮಡಿಕೆಯಲ್ಲಿ ಸಲೀಸಾಗಿ ಕೂರುವಷ್ಟು ಅಗಲವಿರಲಿ. ಎರಡು ಮೂರು ಮಡಿಕೆ ಬಿದ್ದರೆ ಕತ್ತರಿಸಿ ತೆಗೆಯುವಾಗ ನೋಟಿಗೇ ಕತ್ತರಿ ತಾಗುತ್ತದೆ. ಒದ್ದೆ ಮಾಡಿ ಅಂಟಿಸುವ ಅಂಟು ಇದ್ದರೆ ಮಳೆಗಾಲದ ತೇವಕ್ಕೆ ಕವರ್‌ಗಳು ಬಳಸುವ ಮೊದಲೇ ಮುಚ್ಚಿಕೊಳ್ಳುತ್ತವೆ. ಪೆಟ್ಟಿಗೆಯನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಈ ಕಾಟವಿಲ್ಲ.

ಎರಡು ಜೇಬಿನ ಕವರ್‌ಗಳೂ ಸಿಗುತ್ತವೆ: ಒಂದು ಜೇಬು ಸಭೆಯ ಖರ್ಚಿಗೆ, ಇನ್ನೊಂದು ಸುವಾರ್ತಾಸೇವೆ ಅಥವಾ ಬಡವರ ನಿಧಿಗೆ. ಯೋಚನೆ ಒಳ್ಳೆಯದು, ಹಳೆಯದೂ ಹೌದು. ಸುವಾರ್ತೆಯಲ್ಲಿ ಬರುವ ಬಡ ವಿಧವೆಯು ಎರಡು ಕಾಸು ಹಾಕಿದ ಯೆರೂಸಲೇಮಿನ ದೇವಾಲಯದ ಬೊಕ್ಕಸದಲ್ಲಿ ತುತೂರಿಯ ಆಕಾರದ ಬಾಯಿಯುಳ್ಳ 13 ಪೆಟ್ಟಿಗೆಗಳಿದ್ದವು, ಏಳರ ಮೇಲೆ ಇಂಥದ್ದಕ್ಕೆ ಎಂದು ಬರೆದಿತ್ತು, ಉಳಿದ ಆರು ಸ್ವಇಚ್ಛೆಯ ಕಾಣಿಕೆಗೆ ಎಂದು ಯೆಹೂದ್ಯರ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾ ವಿವರಿಸುತ್ತದೆ. ಎರಡು ಜೇಬಿನ ಕವರಿನ ತೊಂದರೆ ಎಣಿಸುವ ಮೇಜಿನ ಮೇಲಿದೆ. ಆತುರದಲ್ಲಿ ಒಂದು ಜೇಬು ತೆರೆದು ಇನ್ನೊಂದನ್ನು ಹಾಗೇ ಎಸೆದುಬಿಡುತ್ತಾರೆ. ಎಣಿಸುವವರಿಗೆ ಹೇಳಿಕೊಡದೆ ಈ ಬಗೆಯನ್ನು ತರಿಸಬೇಡಿ.

ಎಣಿಕೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಕವರಿನ ನಿಜವಾದ ಉಪಯೋಗ ಕೊಡುವವರಿಗಿಂತ ಎಣಿಸುವವರಿಗೆ. ಪ್ರತಿ ಕವರನ್ನು ಮೇಜಿಗೆ ಕುಟ್ಟಿ ಹಣವನ್ನು ಒಂದು ತುದಿಗೆ ಇಳಿಸಿ ಇನ್ನೊಂದು ತುದಿಯನ್ನು ಕತ್ತರಿಸಬೇಕು. ಒಳಗಿನ ಮೊತ್ತವನ್ನು ಹೊರಗೆ ಬರೆದದ್ದರೊಂದಿಗೆ ಹೋಲಿಸಿ, ವ್ಯತ್ಯಾಸವಿದ್ದರೆ ಎಣಿಸಿದ ಮೊತ್ತವನ್ನು ಕವರಿನ ಮೇಲೆಯೇ ಬರೆದು ಇಬ್ಬರೂ ಸಹಿ ಹಾಕಬೇಕು. ಖಾಲಿ ಕವರನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಡಬೇಕು. ಇದೆಲ್ಲ ಮುಗಿಯುವವರೆಗೆ ಕವರಿನ ಹಣವನ್ನು ಕಾಣಿಕೆ ತಟ್ಟೆಯ ಬಿಡಿ ಹಣದೊಂದಿಗೆ ಬೆರೆಸಬಾರದು. ಬೆರೆಸಿದರೆ ವ್ಯತ್ಯಾಸ ಎಲ್ಲಿ ಬಂತೆಂದು ಹುಡುಕುವ ದಾರಿಯೇ ಮುಚ್ಚುತ್ತದೆ. ವರ್ಷದ ಲೆಕ್ಕವನ್ನು ಸಭೆ ಒಪ್ಪುವವರೆಗೆ ಖಾಲಿ ಕವರ್‌ಗಳನ್ನು ಎಸೆಯುವಂತಿಲ್ಲ. ಎಣಿಸುವ ಇಬ್ಬರು ಒಂದೇ ಮನೆಯವರಾಗಿರಬಾರದು, ವರ್ಷವಿಡೀ ಅವರೇ ಆಗಿರಲೂಬಾರದು.

ಇದು ಅಪನಂಬಿಕೆ ಎಂದು ಬೇಸರಿಸುವವರು 2 ಅರಸುಗಳು 12ನೆಯ ಅಧ್ಯಾಯ ನೋಡಬಹುದು. ಯೆಹೂದದ ಅರಸ ಯೋವಾಷನ ಆಳ್ವಿಕೆಯ 23ನೆಯ ವರ್ಷವಾದರೂ ಯಾಜಕರ ಕೈಗೆ ಸೇರಿದ ಹಣದಿಂದ ದೇವಾಲಯದ ದುರಸ್ತಿ ಆಗಿರಲಿಲ್ಲ. ಆಗ ಯಾಜಕ ಯೆಹೋಯಾದನು ಪೆಟ್ಟಿಗೆಯೊಂದರ ಮುಚ್ಚಳಕ್ಕೆ ತೂತು ಕೊರೆದು ಯಜ್ಞವೇದಿಯ ಬಳಿ ಇಟ್ಟ. ಅದು ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಒಟ್ಟಿಗೆ ಬಂದು ಎಣಿಸಿ ಚೀಲ ಕಟ್ಟುತ್ತಿದ್ದರು. ಹಣ ನೇರವಾಗಿ ಬಡಗಿ, ಕಲ್ಲುಕುಟಿಗರ ಮೇಸ್ತ್ರಿಗಳ ಕೈಸೇರುತ್ತಿತ್ತು. 1199ರಲ್ಲಿ ಪೋಪ್ 3ನೆಯ ಇನ್ನೊಸೆಂಟ್ ಪ್ರತಿ ಚರ್ಚಿನಲ್ಲೂ ಕಾಣಿಕೆಯ ಪೆಟ್ಟಿಗೆ ಇಡಿಸಿದಾಗ ಅದಕ್ಕೆ ಮೂರು ಬೀಗದ ಕೈ: ಒಂದು ಬಿಷಪ್ಪರಲ್ಲಿ, ಒಂದು ಗುರುಗಳಲ್ಲಿ, ಇನ್ನೊಂದು ಭಕ್ತನಾದ ಜನಸಾಮಾನ್ಯನಲ್ಲಿ. ಆ ಹಣ ಹೋದದ್ದು ಕ್ರುಸೇಡ್ ಯುದ್ಧಕ್ಕೆ, ಅದು ಬೇರೆ ಚರ್ಚೆ. ಬೀಗದ ವ್ಯವಸ್ಥೆ ಮಾತ್ರ ಮೆಚ್ಚುವಂಥದ್ದು.

ಕವರಿನ ಮೇಲೆ ಹೆಸರಿನ ಬದಲು ಸಂಖ್ಯೆ ಇರುವುದು ಮತ್ತಾಯ 6:3ಕ್ಕೆ ಕಿವಿಗೊಟ್ಟಂತೆ: ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ. ಆದರೆ ಮೂವತ್ತು ಮನೆಗಳ ಸಭೆಯಲ್ಲಿ ಸಂಖ್ಯೆಯ ಗುಟ್ಟು ಹೆಚ್ಚು ದಿನ ನಿಲ್ಲುವುದಿಲ್ಲ, ಯಾವ ಸಂಖ್ಯೆ ಯಾರದೆಂದು ಎಣಿಸುವವರಿಗೆ ಬಾಯಿಪಾಠವಾಗುತ್ತದೆ. ಪ್ರತಿ ವರ್ಷ ಸಂಖ್ಯೆ ಬದಲಿಸುವುದು, ಅಕಾರಾದಿಯಾಗಿಯೋ ಮನೆಗಳ ಸಾಲಿನಂತೆಯೋ ಕೊಡದೆ ಕಲಸಿ ಕೊಡುವುದು, ಸಂಖ್ಯೆ ಮತ್ತು ಹೆಸರಿನ ಪಟ್ಟಿ ಖಜಾಂಚಿಯೊಬ್ಬರ ಬಳಿ ಮಾತ್ರ ಇರುವುದು. ಇಷ್ಟು ಮಾಡಿದರೆ ಸಾಕಷ್ಟಾಯಿತು. ಯಾರು ಎಷ್ಟು ಕೊಟ್ಟರೆಂದು ವರ್ಷದ ವರದಿಯಲ್ಲಿ ಅಚ್ಚುಹಾಕುವ ಸಭೆಗೆ ಈ ಕವರ್‌ಗಳ ಅಗತ್ಯವೇ ಇಲ್ಲ.

ಉಳಿದ ಸಾಧನಗಳ ವಿಷಯ ಚಿಕ್ಕದಾಗಿ. ಮನೆಯ ಹುಂಡಿಗೆ ಬೀಳುವುದು ಜೇಬಿನಲ್ಲಿ ಭಾರವಾದ ಚಿಲ್ಲರೆ. ತೆರೆಯುವ ತಾರೀಖು ಮತ್ತು ಉದ್ದೇಶ ಬರೆದಿರದಿದ್ದರೆ ಅದು ಅಲಂಕಾರದ ವಸ್ತುವಾಗಿಬಿಡುತ್ತದೆ. ಮಕ್ಕಳಿರುವ ಮನೆಗೆ ಮಾತ್ರ ಚೆನ್ನು, ಅದೂ ಒಳಗೆ ಎಷ್ಟಿದೆಯೆಂದು ಕಾಣುವ ಪಾರದರ್ಶಕ ಡಬ್ಬಿಯಾದರೆ. ಬ್ಯಾಂಕಿನಿಂದ ತಾನಾಗಿ ಹೋಗುವ ವ್ಯವಸ್ಥೆ ತಪ್ಪುವುದಿಲ್ಲ, ಮರೆಯುವುದಿಲ್ಲ, ಎಣಿಕೆಯ ತಲೆನೋವಿಲ್ಲ. ಊರೂರು ತಿರುಗುವವರಿಗೆ ಅದೇ ಸರಿ. ಅದರ ದೋಷ ಏನೆಂದರೆ ಐದು ವರ್ಷದ ಹಿಂದೆ ಹಾಕಿದ ಮೊತ್ತ ಆದಾಯ ಇಮ್ಮಡಿಯಾದರೂ ಕದಲುವುದಿಲ್ಲ. ಮೆಥಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿ ತನ್ನ ಪ್ರಸಂಗವೊಂದರಲ್ಲಿ ಹೇಳುವ ಆಕ್ಸ್‌ಫರ್ಡಿನ ಯುವಕನದು ಇದಕ್ಕೆ ತಲೆಕೆಳಗಾದ ಲೆಕ್ಕ: ವರ್ಷಕ್ಕೆ 30 ಪೌಂಡ್ ಬರುತ್ತಿದ್ದಾಗ 28ರಲ್ಲಿ ಬದುಕಿ 2 ಕೊಟ್ಟ, 60 ಬಂದಾಗಲೂ 28ರಲ್ಲೇ ಬದುಕಿ 32 ಕೊಟ್ಟ, 90 ಬಂದಾಗ 62. ಸ್ಥಿರವಾಗಿದ್ದದ್ದು ಖರ್ಚು, ಬೆಳೆದದ್ದು ಕೊಡುಗೆ. ಬ್ಯಾಂಕ್ ವ್ಯವಸ್ಥೆ ಇಟ್ಟುಕೊಂಡವರು ಸಂಬಳ ಏರಿದ ತಿಂಗಳಲ್ಲೇ ಮೊತ್ತವನ್ನು ಬದಲಿಸಬೇಕು. ಮುಂದಿನ ತಿಂಗಳಿಗೆ ಹೊಸ ಸಂಬಳಕ್ಕೆ ಹೊಸ ಖರ್ಚು ಅಂಟಿಕೊಂಡಿರುತ್ತದೆ.

ಕವರಿನ ಪೆಟ್ಟಿಗೆಯ ದೊಡ್ಡ ಕೊರತೆ ಬೇರೆಯದು. ಅದರಲ್ಲಿ ಭಾನುವಾರಗಳಿಗೆ ಜಾಗವಿದೆ, ಸೋಮವಾರದಿಂದ ಶನಿವಾರದವರೆಗಿನ ಆರು ದಿನಕ್ಕೆ ಇಲ್ಲ. ಹೊಲ ಕೊಯ್ಯುವಾಗ ಅಂಚುಗಳನ್ನು ಕೊಯ್ಯದೆ, ಹಕ್ಕಲನ್ನು (ಕೊಯ್ಯುವಾಗ ಉದುರಿದ ತೆನೆ) ಆರಿಸದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ಯಾಜಕಕಾಂಡ 19:9–10 ಹೇಳುತ್ತದೆ. ಅದು ದಶಮಾಂಶದ ಲೆಕ್ಕಕ್ಕೆ ಹೊರಗಿನದು, ಯಾರು ಬಂದು ಆರಿಸಿಕೊಳ್ಳುತ್ತಾರೆಂದು ಹೊಲದ ಯಜಮಾನ ತೀರ್ಮಾನಿಸುವಂತಿಲ್ಲ. ಇದಕ್ಕೆ ಪೆಟ್ಟಿಗೆ ಮಾರುವವರು ಏನೂ ಕೊಡುವುದಿಲ್ಲ, ನಾವೇ ಮಾಡಿಕೊಳ್ಳಬೇಕು. ಏನೂ ಬರೆಯದ 12 ಕವರ್‌ಗಳನ್ನು ಪೆಟ್ಟಿಗೆಗೆ ಸೇರಿಸಿ, ತಿಂಗಳಿಗೊಂದರಲ್ಲಿ ಒಂದಿಷ್ಟು ಹಣವಿಟ್ಟು ಕೈಚೀಲದಲ್ಲಿ ಇಟ್ಟುಕೊಳ್ಳಿ. ಎದುರಾದ ಅಗತ್ಯಕ್ಕೆ ಅದು ಹೋಗಲಿ: ಔಷಧಿಗೆ ದುಡ್ಡು ಸಾಲದವರಿಗೆ, ಬಸ್ಸಿನ ಚಾರ್ಜಿಗೆ ಪರದಾಡುವವರಿಗೆ. ಕೊಡುವಾಗ ಇದು ಸಾಲವಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು. ಹೇಳದಿದ್ದರೆ ತೆಗೆದುಕೊಂಡವರು ಎದುರು ಸಿಕ್ಕಾಗಲೆಲ್ಲ ತಲೆತಗ್ಗಿಸುತ್ತಾರೆ, ಕೊಟ್ಟವರ ಮನಸ್ಸಿನಲ್ಲೂ ಲೆಕ್ಕ ಓಡುತ್ತಿರುತ್ತದೆ. ತಿಂಗಳ ಕೊನೆಗೂ ಹೋಗದೆ ಉಳಿದರೆ ಸಭೆಯ ಬಡವರ ನಿಧಿಗೆ ಹಾಕಿ, ಮುಂದಿನ ತಿಂಗಳಿಗೆ ಕೂಡಿಡಬೇಡಿ.

ಹಣ ಕೊಡಲಾಗದವರು ಇದೇ ಖಾಲಿ ಕವರಿನಲ್ಲಿ ಸಮಯ ಇಡಬಹುದು. ಒಂದು ಚೀಟಿಯಲ್ಲಿ ಮೂರು ವಿಷಯ ಬರೆದರಾಯಿತು: ಯಾರಿಗೆ, ಯಾವ ಕೆಲಸ, ಯಾವ ದಿನ ಎಷ್ಟು ಹೊತ್ತಿಗೆ. "ಕಾಯಿಲೆಯವರನ್ನು ನೋಡಿಕೊಂಡು ಬರಬೇಕು" ಎಂದು ಬರೆದದ್ದು ನಡೆಯುವುದಿಲ್ಲ. "ಗುರುವಾರ ಸಂಜೆ ನಾಲ್ಕರಿಂದ ಆರು, ಆಸ್ಪತ್ರೆಯಲ್ಲಿ ಅಜ್ಜಿಯ ಪಕ್ಕ ಕೂತು ಮಗಳನ್ನು ಮನೆಗೆ ಕಳಿಸುವುದು" ಎಂದು ಬರೆದದ್ದು ನಡೆಯುತ್ತದೆ. ಎರಡು ಗಂಟೆ ಹೇಳಿ ಅರ್ಧ ಗಂಟೆಗೆ ಎದ್ದು ಬರುವುದಾದರೆ ಅರ್ಧ ಗಂಟೆ ಎಂದೇ ಬರೆಯಿರಿ, ಆ ಮಗಳು ಅದನ್ನು ನಂಬಿ ಹೊರಟಿರುತ್ತಾಳೆ.

ತರಿಸುವ ಸಭೆಗಳಿಗೆ ಒಂದೆರಡು ಮಾತು. ನವೆಂಬರ್ ಒಳಗೆ ಆರ್ಡರ್ ಕೊಟ್ಟರೆ ಡಿಸೆಂಬರ್‌ನಲ್ಲಿ ಹಂಚಬಹುದು. ಜನವರಿಯ ಮೊದಲ ಭಾನುವಾರ ದಾಟಿದ ಮೇಲೆ ಕೈಸೇರಿದ ಪೆಟ್ಟಿಗೆಯನ್ನು ಅರ್ಧ ಜನ ಬಿಚ್ಚುವುದೇ ಇಲ್ಲ. ವರ್ಷದ ನಡುವೆ ಸೇರಿದ ಕುಟುಂಬಕ್ಕೆ ಉಳಿದ ತಾರೀಖಿನ ಕವರ್‌ಗಳನ್ನಷ್ಟೇ ಕೊಡಬೇಕು, ಹಿಂದಿನವನ್ನೂ ಕೊಟ್ಟರೆ ಬಾಕಿಯ ಪಟ್ಟಿ ಕೊಟ್ಟಂತಾಗುತ್ತದೆ. ಇನ್ನು 2023ರಂತೆ 2028ರಲ್ಲೂ 53 ಭಾನುವಾರಗಳು ಬರುತ್ತವೆ. ಆ ವರ್ಷದ ಕೊನೆಯ ದಿನ, ಡಿಸೆಂಬರ್ 31, ಭಾನುವಾರವೇ. ಮಾಮೂಲಿ ಕಟ್ಟಿನಲ್ಲಿ ಆ ದಿನಕ್ಕೆ ಕವರು ಇರುತ್ತದೋ ಇಲ್ಲವೋ ಎಂದು ಅಚ್ಚಿಗೆ ಹೋಗುವ ಮೊದಲೇ ಕೇಳಿಕೊಳ್ಳಿ, ವಾರದ ಮೊತ್ತ ತೆಗೆಯಲು ವರ್ಷದ ಮೊತ್ತವನ್ನೂ ಆ ವರ್ಷ 53ರಿಂದಲೇ ಭಾಗಿಸಿ.