ಹಲ್ಲುನೋವು ತಾನಾಗೇ ನಿಂತ್ರೆ ಖುಷಿಪಡ್ಬೇಡಿ, ನಾನು ಪಟ್ಟು ಕೆಟ್ಟೆ

ಹೇಳ್ಕೊಳ್ಳೋಕೆ ನಾಚಿಕೆ, ಆದ್ರೂ ಬರೀತಿದೀನಿ, ಇನ್ನೊಬ್ರು ಈ ಹಳ್ಳಕ್ಕೆ ಬೀಳೋದು ಬೇಡ.

ಎಡಗಡೆ ಕೆಳಗಿನ ದವಡೆ ಹಲ್ಲು. ಬಿಸಿ ತಾಗಿದ್ರೆ ಜೀವ ಹೋಗೋದು, ರಾತ್ರಿ ಮಲಗಿದ್ರೆ ಕಿವಿವರೆಗೂ ಪಟಪಟ ಬಡ್ಕೊಳ್ಳೋದು. ಕ್ಲಿನಿಕ್‌ಗೆ ಹೋದೆ. ಡಾಕ್ಟ್ರು ಕನ್ನಡಿ ಇಟ್ಟು ಒಂದ್ಸಲ ಇಣುಕಿದ್ರು ಅಷ್ಟೇ, ಹಲ್ಲು ತಟ್ಟಿ ನೋಡ್ಲಿಲ್ಲ, ಎಕ್ಸ್‌ರೇ ಇಲ್ಲ, ಏನೂ ಇಲ್ಲ. "ಇನ್ಫೆಕ್ಷನ್, ಐದು ದಿನ ಮಾತ್ರೆ ತಗೊಳ್ಳಿ." ಅಮಾಕ್ಸಿಸಿಲಿನ್ ಅನ್ನೋ ಆ್ಯಂಟಿಬಯೋಟಿಕ್, ಜೊತೆಗೊಂದು ನೋವಿನ ಮಾತ್ರೆ. ಮೂರನೇ ದಿನಕ್ಕೆ ನೋವು ಮಾಯ! ಅವತ್ತೇ ಕೂತು ಐದು ಸ್ಟಾರ್ ರಿವ್ಯೂ ಬರೆದೆ, "ಹಲ್ಲು ಕೊರೀದೇ ಗುಣ ಮಾಡಿದ್ರು" ಅಂತ. ಅಕ್ಕನಿಗೂ ಅಲ್ಲಿಗೇ ಹೋಗು ಅಂದೆ. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಮೈ ಉರಿಯುತ್ತೆ.

ಒಂದೂವರೆ ತಿಂಗಳಿಗೆ ಅದೇ ಹಲ್ಲಿನ ಪಕ್ಕ ವಸಡಿನ ಮೇಲೆ ಮೊಡವೆ ಥರ ಗುಳ್ಳೆ. ನಾಲಿಗೇಲಿ ಒತ್ತಿದ್ರೆ ಒಡೆದು ಉಪ್ಪುಪ್ಪಾಗಿ, ಕೆಟ್ಟ ವಾಸನೆಯಾಗಿ ಏನೋ ಬರೋದು, ಎರಡು ದಿನಕ್ಕೆ ಮತ್ತೆ ತುಂಬ್ಕೊಳ್ಳೋದು. ಮತ್ತೆ ಹೋದೆ. "ನೋವಿದ್ಯಾ?" ಇಲ್ಲ ಡಾಕ್ಟ್ರೆ. "ಮತ್ತೇನ್ರಿ ಟೆನ್ಷನ್, ಉಪ್ಪುನೀರಲ್ಲಿ ಮುಕ್ಕಳಿಸಿ." ಮತ್ತೆ ಐದು ದಿನ ಅದೇ ಮಾತ್ರೆ. ಎಕ್ಸ್‌ರೇ ಬೇಡ್ವಾ ಅಂತ ನಾನೇ ಬಾಯಿಬಿಟ್ಟು ಕೇಳಿದ್ದಕ್ಕೆ "ಇಂಟರ್ನೆಟ್ ಓದ್ಕೊಂಡು ಬಂದ್ರಾ?" ಅಂತ ನಕ್ಕರು. ನಾನೂ ಪೆಕರನ ಥರ ನಕ್ಕೆ.

ಆಮೇಲೊಂದು ಬೆಳಗ್ಗೆ ಕನ್ನಡಿ ನೋಡಿದ್ರೆ ಮುಖ ನಂದಲ್ಲ. ಕೆನ್ನೆ ಊದಿದೆ, ಜ್ವರ, ಬಾಯಿ ಒಂದು ಬೆರಳು ಹಿಡಿಸೋಷ್ಟೂ ತೆಗೆಯೋಕಾಗ್ತಿಲ್ಲ. ಫೋನ್ ಮಾಡಿದ್ರೆ "ಡಾಕ್ಟ್ರು ಬಿಜಿ ಇದಾರೆ ಸರ್, ಹಳೇ ಮಾತ್ರೆನೇ ಕಂಟಿನ್ಯೂ ಮಾಡ್ಬೇಕಂತೆ." ಬೇರೆ ಕಡೆ ಓಡಿದೆ.

ಅಲ್ಲಿ ಮೇಡಂ ಮೊದ್ಲು ಎಕ್ಸ್‌ರೇ ತೆಗೆಸಿದ್ರು, ಬೇರಿನ ತುದೀಲಿ ಕಪ್ಪು ನೆರಳು ಎದ್ದು ಕಾಣ್ತಿತ್ತು. ತಣ್ಣಗಿರೋ ಹತ್ತಿ ಆ ಹಲ್ಲಿಗೆ ಒತ್ತಿ "ಏನಾದ್ರೂ ಗೊತ್ತಾಗ್ತಿದ್ಯಾ?" ಅಂದ್ರು. "ಏನೂ ಇಲ್ಲ ಮೇಡಂ!" ಅಂದೆ, ಪರೀಕ್ಷೆ ಪಾಸಾದೋನ ಥರ. "ಗೊತ್ತಾಗಲ್ಲ, ಒಳಗಿನ ನರ ಸತ್ತೋಗಿದೆ. ನಿಮ್ಗೆ ಅವತ್ತು ನೋವು ನಿಂತಿದ್ದೂ ಅದಕ್ಕೇ ಇರ್ಬೇಕು." ನನ್ನ ಐದು ಸ್ಟಾರ್ ಕಣ್ಮುಂದೆ ಬಂತು.

ಹುಳುಕಿಂದ ಬ್ಯಾಕ್ಟೀರಿಯಾ ಒಳಗೆ ನುಗ್ಗಿ, ನರ ಕೊಳೆತು, ಬೇರಿನ ತುದೀಲಿ ಕೀವು ಕಟ್ಟಿದೆ. ಸತ್ತ ನರಕ್ಕೆ ರಕ್ತವೇ ಓಡಾಡಲ್ಲ, ಮಾತ್ರೆ ಅಲ್ಲಿಗೆ ಮುಟ್ಟೋದು ಹೇಗೆ? ಸುತ್ತ ಹರಡಿದ್ದನ್ನ ಸ್ವಲ್ಪ ದಿನ ಅದುಮಿಡುತ್ತೆ, ಮೂಲ ಹಾಗೇ ಕೂತಿರುತ್ತೆ. ಆ ಗುಳ್ಳೆ ಕೀವು ಹೊರಗೆ ಬರೋಕೆ ಮಾಡ್ಕೊಂಡಿದ್ದ ದಾರಿ, ದಾರಿ ಮುಚ್ಕೊಳ್ತು, ಕೆನ್ನೆ ಊದ್ತು. ಕೀವು ಖಾಲಿ ಮಾಡಿ ರೂಟ್ ಕೆನಾಲ್ (ಒಳಗಿನ ಸತ್ತ ನರ ತೆಗೆದು, ಸ್ವಚ್ಛ ಮಾಡಿ ತುಂಬೋದು) ಮಾಡ್ಬೇಕು, ಇಲ್ಲಾ ಹಲ್ಲು ಕೀಳ್ಬೇಕು, ಮೂರನೇ ದಾರಿ ಇಲ್ಲ. ಜ್ವರ, ಊತ ಇದ್ದಿದ್ರಿಂದ ಮೇಡಂ ಕೂಡ ಮಾತ್ರೆ ಕೊಟ್ರು, ಆದ್ರೆ ಹಲ್ಲು ತೆರೆದು, ಆಮೇಲೆ. ಕೀವಿರೋ ಜಾಗದಲ್ಲಿ ಮರಗಟ್ಟಿಸೋ ಇಂಜೆಕ್ಷನ್ನೂ ಸರಿಯಾಗಿ ಹಿಡಿಯಲ್ವಂತೆ, ಎರಡು ಸಲ ಚುಚ್ಚಿಸ್ಕೊಂಡೆ. ಕೀವು ಹರಿದಾಗ ಆ ವಾಸನೆ ದೇವರೇ, ಆದ್ರೆ ತಲೆ ಮೇಲಿಂದ ಕಲ್ಲು ಇಳಿಸಿದಂಗಾಯ್ತು. ಮೂರು ಸಿಟ್ಟಿಂಗ್, ಆಮೇಲೆ ಕ್ಯಾಪ್.

ಎಕ್ಸ್‌ರೇ ಇಲ್ದೆ ಎರಡನೇ ಸಲ ಅದೇ ಮಾತ್ರೆ ಬರೆದ್ರೆ ಎದ್ದು ಬನ್ನಿ. ಊತ ದವಡೆ ಕೆಳಗೆ, ಕತ್ತಿಗೆ ಇಳಿದ್ರೆ, ನುಂಗೋಕೆ, ಉಸಿರಾಡೋಕೆ ಕಷ್ಟ ಆದ್ರೆ ಅಪಾಯಿಂಟ್‌ಮೆಂಟ್ ಅಂತ ಕಾಯ್ಬೇಡಿ, ಸೀದಾ ದೊಡ್ಡಾಸ್ಪತ್ರೆ ಎಮರ್ಜೆನ್ಸಿಗೆ ಹೋಗಿ, ಜೀವಕ್ಕೇ ಕುತ್ತು.

ಹಳೇ ಕ್ಲಿನಿಕ್‌ಗೆ ಫೋನ್ ಮಾಡಿ ಕೇಳ್ದೆ. "ನೀವು ಕೋರ್ಸ್ ಸರಿಯಾಗಿ ಮುಗಿಸಿಲ್ಲ ಅನ್ಸುತ್ತೆ" ಅಂದ್ರು. ಮುಗಿಸಿದ್ದೆ ಕಣ್ರೀ, ಎರಡು ಸಲಾನೂ! ರಿವ್ಯೂ ಒಂದು ಸ್ಟಾರ್‌ಗೆ ಇಳಿಸಿದೆ. ಅವತ್ತು ಬಿಜಿ ಇದ್ದ ಡಾಕ್ಟ್ರು ಅರ್ಧ ಗಂಟೇಲಿ ತಾವೇ ಫೋನ್ ಮಾಡಿದ್ರು. "ಅದನ್ನ ತೆಗೀರಿ, ಒಂದು ಕ್ಲೀನಿಂಗ್ ಫ್ರೀ ಮಾಡ್ಕೊಡ್ತೀನಿ." ತೆಗೆದಿಲ್ಲ.