ಹಿಂದಿನ ಸಸ್ಪೆನ್ಷನ್‌ಗೆ ‘ಪಾಲಿ ಬುಷ್’ ಹಾಕಿಸುವ ಮುಂಚೆ ಇದನ್ನು ಓದಿ

ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ಹಳೆಯ ಸಣ್ಣ ಕಾರು ಓಡಿಸುವವರು ದಯವಿಟ್ಟು ಗಮನಿಸಿ. ಹಿಂದಿನಿಂದ ‘ದಡ್ ದಡ್’ ಸದ್ದು ಬರ್ತಿದೆ ಅಂತ ಗ್ಯಾರೇಜಿಗೆ ಹೋದರೆ ಈಗ ಹೊಸ ಮಾತೊಂದು ಕೇಳಿಬರುತ್ತಿದೆ. "ಬುಷ್ ಹೋಗಿದೆ ಸಾರ್. ರಬ್ಬರ್ ಯಾಕೆ, ಪಾಲಿ ಹಾಕ್ಸಿ. ಲೈಫ್‌ಟೈಮ್ ತಲೆನೋವಿಲ್ಲ." ಬುಷ್ ಅಂದರೆ ಆಕ್ಸಲ್ ಬಾಡಿಗೆ ಸೇರುವ ಕಡೆ ಕೂರಿಸುವ ಮೆತ್ತೆ. ಪಾಲಿ ಅಂದರೆ ಪಾಲಿಯುರೆಥೇನ್, ರಬ್ಬರಿಗಿಂತ ಗಟ್ಟಿ ಪ್ಲಾಸ್ಟಿಕ್. ನನ್ನ ಕಾರಿಗೂ ಹಾಗೇ ಹೇಳಿ ಪಾಲಿ ಬುಷ್ ಹಾಕಿಕೊಟ್ಟರು. ಒಂದೇ ಮಳೆಗಾಲ ಅಷ್ಟೆ. ಬುಷ್ ಹಾಳಾಯಿತು, ಜೊತೆಗೆ ಅದನ್ನು ಹಿಡಿದಿರುವ ಬಾಡಿಯ ಬ್ರಾಕೆಟ್ಟೂ ಬಿರುಕು ಬಿಟ್ಟಿತು. ಬುಷ್ ಹೋದರೆ ಹೋಗಲಿ ಅನ್ನಬಹುದು. ಬ್ರಾಕೆಟ್ ಹೋದರೆ ಹಿಂದಿನ ಆಕ್ಸಲ್ಲೇ ಸಡಿಲ ಆದ ಹಾಗೆ.

ಯಾವ ಥರದ ಕಾರಿನ ಮಾತು ಅಂತ ಮೊದಲೇ ಹೇಳಿಬಿಡುತ್ತೇನೆ. ಸ್ವಿಫ್ಟ್, ಐ20, ಪೋಲೊ, ಟಿಯಾಗೊ, ಇಂಥ ಕಾರುಗಳ ಹಿಂದೆ ಟ್ವಿಸ್ಟ್ ಬೀಮ್ ಅನ್ನುವ ಆಕ್ಸಲ್ ಇರುತ್ತದೆ. ನನ್ನದೂ ಅದೇ ಜಾತಿ. 1974ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್‌ನಲ್ಲಿ ಬಂದ ಈ ಏರ್ಪಾಡು ಅಗ್ಗ, ಗಟ್ಟಿ, ಜಾಗವೂ ಕಡಿಮೆ ಸಾಕು. ಅದಕ್ಕೇ ಇವತ್ತಿಗೂ ಉಳಿದುಕೊಂಡಿದೆ. ಎರಡು ತೋಳು, ನಡುವೆ ಅಡ್ಡಕ್ಕೆ ಒಂದು ತೊಲೆ. ಪ್ರತಿ ತೋಳಿನ ಮುಂದಿನ ತುದಿಯಲ್ಲಿ ಒಂದು ದಪ್ಪ ಬುಷ್. ಸ್ಪ್ರಿಂಗ್, ಶಾಕ್ ಬಿಟ್ಟರೆ ಹಿಂದಿನ ಚಕ್ರಗಳನ್ನು ಬಾಡಿಗೆ ಹಿಡಿದಿರುವುದು ಈ ಎರಡು ಬುಷ್‌ಗಳೇ.

ನಮ್ಮ ಕಡೆ ರಸ್ತೆ ಗೊತ್ತಲ್ವಾ. ಎಡಗಡೆ ಚಕ್ರ ಗುಂಡಿಯಲ್ಲಿ, ಬಲಗಡೆ ಚಕ್ರ ಟಾರಿನ ಮೇಲೆ. ಆಗ ಅಡ್ಡ ತೊಲೆ ತಿರುಚಿಕೊಳ್ಳುತ್ತದೆ, ಹೆಸರೇ ಅದು. ತೊಲೆ ತಿರುಚಿದಾಗ ತೋಳು ಮೇಲೆ ಕೆಳಗೆ ಆಡಿದರೆ ಸಾಲದು, ಸ್ವಲ್ಪ ಓರೆಗೂ ಬಾಗಬೇಕು. ಆ ಓರೆಯನ್ನು ತಿನ್ನುವುದು ಬುಷ್‌ನ ಕೆಲಸ. ಕಂಪನಿ ರಬ್ಬರ್ ಬುಷ್ ಬರೀ ರಬ್ಬರಿನ ಉಂಡೆ ಅಲ್ಲ. ಒಳಗೆ ಬೋಲ್ಟ್ ತೂರುವ ಕಬ್ಬಿಣದ ಕೊಳವೆಗೂ, ಅಂದರೆ ಸ್ಲೀವ್‌ಗೂ, ರಬ್ಬರಿಗೂ ಅಂಟು ಹಾಕಿರುತ್ತಾರೆ. ಅಲ್ಲಿ ಯಾವುದೂ ಜಾರುವುದಿಲ್ಲ, ರಬ್ಬರೇ ತಿರುಚಿಕೊಂಡು ವಾಪಸ್ ಬರುತ್ತದೆ. ಗ್ರೀಸ್ ಬೇಡ, ಸದ್ದೂ ಇಲ್ಲ. ಎಷ್ಟೋ ಬುಷ್‌ಗಳಲ್ಲಿ ರಬ್ಬರಿನ ಮಧ್ಯೆ ಬೇಕಂತಲೇ ಖಾಲಿ ಸೀಳು ಬಿಟ್ಟಿರುತ್ತಾರೆ, ಒಂದು ದಿಕ್ಕಿಗೆ ಮೆತ್ತಗೆ, ಇನ್ನೊಂದು ದಿಕ್ಕಿಗೆ ಗಟ್ಟಿ ಇರಲಿ ಅಂತ. ಆ ಸೀಳು ತೋರಿಸಿ "ನೋಡಿ ಸಾರ್, ಕಂಪನಿಯವರು ರಬ್ಬರ್ ಉಳಿಸಿದ್ದಾರೆ" ಅಂದ ಗ್ಯಾರೇಜಿನವನ ಧೈರ್ಯ ಮೆಚ್ಚಬೇಕು.

ಪಾಲಿ ಬುಷ್‌ನ ಲೆಕ್ಕವೇ ಬೇರೆ. ಗಡಸುತನ ಅಳೆಯುವ ಶೋರ್ ಎ ಅಳತೆಯಲ್ಲಿ ರಬ್ಬರ್ ಬುಷ್ ಸಾಮಾನ್ಯವಾಗಿ 50ರಿಂದ 70 ಇದ್ದರೆ ಪಾಲಿ 80ರಿಂದ 95ರವರೆಗೆ ಹೋಗುತ್ತದೆ. ಒಳಗಿನ ಸ್ಲೀವ್‌ಗೆ ಅಂಟಿಸಿರುವುದಿಲ್ಲ, ಅದರ ಮೇಲೆ ಜಾರುತ್ತಾ ತಿರುಗುತ್ತದೆ. ತಿರುಗಲು ಗ್ರೀಸ್ ಬೇಕು. ಓರೆಗೆ ಬಾಗು ಅಂದರೆ ಅದು ಸುಲಭಕ್ಕೆ ಬಾಗುವುದಿಲ್ಲ. ಹಾಗಾದರೆ ಆ ಬಲ ಎಲ್ಲಿಗೆ ಹೋಗಬೇಕು? ತೋಳಿಗೆ, ಬೋಲ್ಟಿಗೆ, ಕೊನೆಗೆ ಬಾಡಿಯ ತಗಡಿಗೆ ವೆಲ್ಡ್ ಮಾಡಿದ ಬ್ರಾಕೆಟ್ಟಿಗೆ.

ನನ್ನ ಕಾರಿನಲ್ಲಿ ಹಾಕಿದ ರೀತಿ ಕೇಳಿ. ಹಳೆಯ ಬುಷ್ ತೆಗೆಯಲು ಪ್ರೆಸ್ ಬಳಸಲಿಲ್ಲ. ಗ್ಯಾಸ್ ಬೆಂಕಿ ಹಿಡಿದು ರಬ್ಬರ್ ಸುಟ್ಟರು. ಇಡೀ ಶೆಡ್ಡಿನಲ್ಲಿ ಮೂಗು ಬಿಡಲಾಗದ ವಾಸನೆ. ಹೊರಗಿನ ಕಬ್ಬಿಣದ ಬಳೆಯನ್ನು ಹ್ಯಾಕ್‌ಸಾದಿಂದ ಸೀಳಿ ಉಳಿಯಲ್ಲಿ ಹೊಡೆದು ತೆಗೆದರು. ಬ್ಲೇಡು ತೋಳಿನ ಒಳಮೈಗೂ ತಾಗಿ ಗೀರು ಬಿತ್ತು. ಆಮೇಲೆ ಹಳದಿ ಬಣ್ಣದ ಪಾಲಿಯ ಎರಡು ಅರ್ಧ ತುಂಡುಗಳನ್ನು ಆಚೆ ಈಚೆಯಿಂದ ಸುತ್ತಿಗೆಯಲ್ಲಿ ಕೂರಿಸಿದರು. "ಯಾವ ಗ್ರೀಸ್ ಹಾಕ್ತೀರಿ?" ಅಂದೆ. ವೀಲ್ ಬೇರಿಂಗ್ ಡಬ್ಬಿಗೆ ಬೆರಳು ಅದ್ದಿ ಸವರಿದರು. ಪಾಲಿಗೆ ಬೇಕಿರುವುದು ನೀರಿಗೆ ತೊಳೆದು ಹೋಗದ, ಅಂಟಂಟಾದ ಸಿಲಿಕಾನ್ ಗ್ರೀಸ್. ಒಳ್ಳೆಯ ಕಿಟ್ ಆದರೆ ಅದರ ಪುಟ್ಟ ಪೊಟ್ಟಣ ಬಾಕ್ಸಿನಲ್ಲೇ ಬರುತ್ತದೆ. ಇದರಲ್ಲಿ ಪೊಟ್ಟಣವೂ ಇಲ್ಲ, ಗಡಸುತನದ ನಂಬರೂ ಇಲ್ಲ, ತಯಾರಿಸಿದವರ ವಿಳಾಸವೂ ಇಲ್ಲ.

ಮೊದಮೊದಲು ಕಾರು ಚೆನ್ನಾಗಿಯೇ ಹೋಯಿತು, ಸುಳ್ಳು ಯಾಕೆ ಹೇಳಲಿ. ಗಾಜನೂರು ದಾಟಿ ಮಂಡಗದ್ದೆ ಕಡೆ ತುಂಗೆಯ ಪಕ್ಕ ರಸ್ತೆ ಬಳುಕುತ್ತದಲ್ಲ, ಅಲ್ಲಿ ಹಿಂಭಾಗ ಸ್ಟೀರಿಂಗ್ ಮಾತು ತಕ್ಷಣ ಕೇಳುತ್ತಿತ್ತು. ಇದನ್ನೇ ನೋಡಿ ಜನ ಮರುಳಾಗುವುದು. ಮಳೆ ಹಿಡಿದ ಮೇಲೆ ಕಥೆ ಬದಲಾಯಿತು. ಗ್ರೀಸ್ ತೊಳೆದು ಹೋಯಿತು. ಪ್ರತಿ ಹಂಪಿನಲ್ಲೂ ‘ಕಿರ್ರ್’ ಸದ್ದು. ನಮ್ಮಲ್ಲಿ ಶಾಲೆಗೊಂದು, ದೇವಸ್ಥಾನಕ್ಕೊಂದು, ಮದುವೆ ಮಂಟಪಕ್ಕೊಂದು ಹಂಪು. ಮನೆ ಮುಂದಿನ ತಿರುವಿಗೆ ಬರುವಾಗಲೇ ಒಳಗಿದ್ದವರಿಗೆ ಗೊತ್ತಾಗುತ್ತಿತ್ತು.

ಸದ್ದನ್ನು ಸಹಿಸಿಕೊಳ್ಳಬಹುದು. ನನಗೆ ಭಯ ಆಗಿದ್ದು ಆಗುಂಬೆ ಘಾಟಿಯಲ್ಲಿ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಮಳೆ ಬೀಳುವ ಊರು ಅದು. ಸೋಮೇಶ್ವರದ ಕಡೆ ಇಳಿಯುವಾಗ ಹೇರ್‌ಪಿನ್ ತಿರುವುಗಳಲ್ಲಿ ನೀರು ರಸ್ತೆಗೆ ಅಡ್ಡ ಹರಿಯುತ್ತಿರುತ್ತದೆ. ಅಂಥ ಒಂದು ತಿರುವಿನಲ್ಲಿ, ಹೆಚ್ಚೇನೂ ಜೋರಿಲ್ಲ, ಹಿಂಭಾಗ ಸಣ್ಣಗೆ ಹೊರಕ್ಕೆ ಜಾರಿತು. ಟೈರ್ ಹೊಸದು. ಕಾರಣ ಆಮೇಲೆ ತಿಳಿಯಿತು. ಬುಷ್ ಬಿಗಿಹಿಡಿದರೆ ಹಿಂದಿನ ಸಸ್ಪೆನ್ಷನ್ ಬಾಗಲು ಒಪ್ಪುವುದಿಲ್ಲ, ಕಾರು ತಿರುವಿನಲ್ಲಿ ವಾಲದಂತೆ ತಡೆಯುವ ಸರಳು, ಆಂಟಿ ರೋಲ್ ಬಾರ್, ಅದನ್ನು ದಪ್ಪ ಮಾಡಿದ ಪರಿಣಾಮವೇ ಇಲ್ಲೂ. ತಿರುವಿನಲ್ಲಿ ಹಿಂದಿನ ಹೊರ ಚಕ್ರದ ಮೇಲೆ ಭಾರ ಜಾಸ್ತಿ, ಒಳ ಚಕ್ರದ ಮೇಲೆ ಕಮ್ಮಿ, ಒಟ್ಟು ಹಿಡಿತ ಇಳಿಯುತ್ತದೆ. ಒಣ ರಸ್ತೆಯಲ್ಲಿ ಇದೇ ‘ಚುರುಕು’ ಅನ್ನಿಸಿಕೊಳ್ಳುತ್ತದೆ.

ಬೇರೆ ಊರಿನ ಒಬ್ಬ ಹಳೆ ಮೇಸ್ತ್ರಿಯ ಹತ್ತಿರ ತೋರಿಸಿದೆ. ಕಾರು ಎತ್ತಿ, ಬಲಗಡೆ ಬ್ರಾಕೆಟ್ಟಿನ ಕೆಂಪು ಮಣ್ಣು ಕೆರೆದು, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರು. ವೆಲ್ಡಿನ ಅಂಚಿಗೆ ಕೂದಲೆಳೆಯಷ್ಟು ತೆಳ್ಳಗಿನ ತುಕ್ಕಿನ ಗೆರೆ. ಜ್ಯಾಕಿನಿಂದ ತೋಳಿಗೆ ಸ್ವಲ್ಪ ಒತ್ತು ಕೊಟ್ಟರೆ ಆ ಗೆರೆ ಬಾಯಿ ಬಿಡುತ್ತಿತ್ತು. ಬುಷ್ ಬಿಚ್ಚಿದಾಗ ಇನ್ನೊಂದು ಸಂಗತಿ ಕಾಣಿಸಿತು. ಒಳಗಿನ ಸ್ಲೀವ್ ಪಾಲಿಗಿಂತ ಒಂದು ಚೂರು ಗಿಡ್ಡ. ಸ್ಕೇಲ್ ಅಡ್ಡ ಇಟ್ಟರೆ ಸ್ಲೀವ್ ಮೇಲೆ ಬೆಳಕು ನುಸುಳುತ್ತಿತ್ತು. ಸ್ಲೀವ್ ಯಾವತ್ತೂ ಪಾಲಿಗಿಂತ ಕೂದಲಷ್ಟು ಉದ್ದ ಇರಬೇಕು. ಆಗ ಬೋಲ್ಟ್ ಬಿಗಿದಾಗ ಬ್ರಾಕೆಟ್ ಸ್ಲೀವನ್ನು ಹಿಡಿಯುತ್ತದೆ, ಪಾಲಿ ಆರಾಮಾಗಿ ತಿರುಗುತ್ತದೆ. ಗಿಡ್ಡ ಇದ್ದರೆ ಬ್ರಾಕೆಟ್ ಪಾಲಿಯನ್ನೇ ಕಚ್ಚುತ್ತದೆ. ಸ್ಲೀವಿನ ಮೈ ತುಂಬಾ ಕೆಂಪು ಮಣ್ಣು ಕೂತು ಸವೆದ ಗೀರು. ಪಾಲಿಯ ಒಂದು ತುಟಿ ಉಗುರಲ್ಲಿ ಕೆರೆದರೆ ಪುಡಿ ಉದುರುತ್ತಿತ್ತು.

ಈ ಪುಡಿಯಾಗುವ ವಿಷಯ ಮಲೆನಾಡಿನವರು ತಿಳಿದಿರಬೇಕು. ಪಾಲಿಯುರೆಥೇನ್‌ನಲ್ಲಿ ಪಾಲಿಯೆಸ್ಟರ್ ಆಧಾರದ್ದು, ಪಾಲಿಈಥರ್ ಆಧಾರದ್ದು ಅಂತ ಎರಡು ಬಗೆ. ಪಾಲಿಯೆಸ್ಟರ್ ಬಗೆಗೆ ಎಣ್ಣೆ ತಡೆಯುವ ಗುಣ ಚೆನ್ನಾಗಿದೆ, ಆದರೆ ಬಿಸಿ ಮತ್ತು ತೇವ ಸೇರಿದರೆ ನೀರೇ ಅದರ ಕೊಂಡಿಗಳನ್ನು ಬಿಡಿಸುತ್ತಾ ಹೋಗುತ್ತದೆ. ಪಾಲಿಈಥರ್ ತೇವಕ್ಕೆ ಹೆಚ್ಚು ತಾಳುತ್ತದೆ. ಹೊರಗಿಂದ ನೋಡಿದರೆ ಎರಡೂ ಒಂದೇ, ಬಣ್ಣ ನೋಡಿ ಹೇಳಲಾಗುವುದಿಲ್ಲ. ಬಾಕ್ಸಿನ ಮೇಲೆ ಬರೆಯದವರನ್ನು ಕೇಳಿ. ಉತ್ತರ ಇಲ್ಲದಿದ್ದರೆ ಎದ್ದು ಬನ್ನಿ.

ಹಾಕಿದ ಗ್ಯಾರೇಜಿನವರ ಹತ್ತಿರ ಹೋದೆ. "ರಸ್ತೆ ಸರಿ ಇಲ್ಲ ಸಾರ್, ನಾವೇನು ಮಾಡೋಣ" ಅಂದರು. ಇದೇ ರಸ್ತೆಗೆ ಅಂತಲ್ವಾ ನೀವು ಹಾಕಿದ್ದು? ಲೈಫ್‌ಟೈಮ್ ವಾರಂಟಿ ಬುಷ್‌ಗೆ ಮಾತ್ರ ಅಂತೆ, ಬಿಚ್ಚುವ ಕೂಲಿ, ಬ್ರಾಕೆಟ್, ವೆಲ್ಡಿಂಗ್ ಯಾವುದಕ್ಕೂ ಇಲ್ಲ. ಬೇಕಾದರೆ ಅದೇ ಬುಷ್ ಇನ್ನೊಂದು ಜೋಡಿ ಕೊಡುತ್ತಾರಂತೆ. ದಾರೀಲಿ ಹೋಗೋ ಮಾರಿಯನ್ನು ಮನೆಗೆ ಕರೆದ ಹಾಗಾಗುತ್ತೆ, ಬೇಡ ಅಂದೆ.

ರಿಪೇರಿ ಸಣ್ಣ ಕೆಲಸವಲ್ಲ. ಬ್ರಾಕೆಟ್ ಇರುವುದು ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲೇ. ಮೇಸ್ತ್ರಿ ಟ್ಯಾಂಕ್ ಇಳಿಸಿ, ಬ್ಯಾಟರಿ ಕಳಚಿಯೇ ವೆಲ್ಡಿಂಗ್‌ಗೆ ಕೈ ಹಾಕಿದರು. ಟ್ಯಾಂಕ್ ಇಳಿಸದೆ ಸುಮ್ನೆ ಒಂದು ಟಾಕಾ ಹಾಕ್ತೀವಿ ಅನ್ನುವವರಿದ್ದಾರೆ, ಅಲ್ಲಿ ಕಾರು ಬಿಡಬೇಡಿ. ಬಿರುಕಿನ ತುದಿಯಲ್ಲಿ ತೂತು ಕೊರೆದು, ವೆಲ್ಡ್ ಮಾಡಿ, ಮೇಲೊಂದು ಪಟ್ಟಿ ಕೂರಿಸಿದರು. ಆಮೇಲೆ ಕಂಪನಿಯದೇ ರಬ್ಬರ್ ಬುಷ್. ಪಾಲಿ ಜೋಡಿಗೆ ಕೊಟ್ಟ ದುಡ್ಡಿನ ಅರ್ಧವೂ ಆಗಲಿಲ್ಲ ಅದು. ಹೊಟ್ಟೆ ಉರಿಯುವುದು ಇಲ್ಲೇ.

ರಬ್ಬರ್ ಹಾಕಿಸುವಾಗಲೂ ಪಕ್ಕದಲ್ಲಿ ನಿಂತು ನೋಡಿ. ಬುಷ್ ಮೇಲೆ ಗುರುತು ಇದ್ದರೆ ಅದು ತೋಳಿನ ಗುರುತಿಗೆ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಸೀಳು ತಪ್ಪು ದಿಕ್ಕಿಗೆ ಬರುತ್ತದೆ. ಒಳಗೆ ತಳ್ಳಲು ಸೋಪು ನೀರು ಸಾಕು, ಎಂಜಿನ್ ಆಯಿಲ್ ಬೇಡ, ರಬ್ಬರ್ ಊದಿಕೊಳ್ಳುತ್ತದೆ. ಮುಖ್ಯವಾದದ್ದು ಕೊನೆಯ ಬಿಗಿತ. ಕಾರು ಗಾಳಿಯಲ್ಲಿ ತೂಗುತ್ತಿರುವಾಗ ಬೋಲ್ಟ್ ಪೂರ್ತಿ ಬಿಗಿದರೆ, ಕೆಳಗಿಳಿಸಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡು ಕೂರುತ್ತದೆ, ಬೇಗ ಹರಿಯುತ್ತದೆ. ಚಕ್ರದ ಮೇಲೆ ಭಾರ ಬಿದ್ದ ಮೇಲೆ, ಎಷ್ಟು ಬಿಗಿ ಅಂತ ಅಳೆದು ತೋರಿಸುವ ಟಾರ್ಕ್ ರೆಂಚಿನಲ್ಲಿ ಬಿಗಿಸಬೇಕು. "ರಬ್ಬರ್ ಬೇಗ ಹೋಗುತ್ತೆ" ಅನ್ನುವ ದೂರಿನಲ್ಲಿ ಒಂದು ಪಾಲು ಈ ತಪ್ಪು ಬಿಗಿತದ್ದು ಅಂತ ನನ್ನ ಅನುಮಾನ.

ಪಾಲಿ ಎಲ್ಲಾ ಕಡೆಯೂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆಂಟಿ ರೋಲ್ ಬಾರಿನ ಬುಷ್‌ಗೆ ಹಾಕಿ. ಮಾರುತಿ ಜಿಪ್ಸಿಯ ಲೀಫ್ ಸ್ಪ್ರಿಂಗ್ (ಪಟ್ಟಿ ಸ್ಪ್ರಿಂಗ್) ತುದಿಯ ಕಣ್ಣಿಗೆ ಹಾಕಿ, ಅಲ್ಲಿ ಮುಖ್ಯವಾಗಿ ತಿರುಗುವ ಕೆಲಸವೇ, ಪ್ರತಿ ಮಳೆಗಾಲಕ್ಕೆ ಮುಂಚೆ ಬಿಚ್ಚಿ ಗ್ರೀಸ್ ಹಾಕುವ ಹುರುಪು ಇದ್ದರೆ ಸಾಕು. ಟ್ವಿಸ್ಟ್ ಬೀಮ್ ತೋಳಿಗೆ ಮಾತ್ರ ಬೇಡ.

ಈಗಾಗಲೇ ಹಾಕಿಸಿದ್ದರೆ, ಅಥವಾ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಕೆಳಗೆ ಹಳದಿ, ಕೆಂಪು, ನೇರಳೆ ಬುಷ್ ಕಂಡರೆ, ಮಣ್ಣು ತೊಳೆಸಿ ಎರಡೂ ಬ್ರಾಕೆಟ್ಟಿನ ವೆಲ್ಡಿಗೆ ಟಾರ್ಚ್ ಬಿಟ್ಟು ನೋಡಿ. ಹೊಸದಾಗಿ ಅಂಡರ್‌ಕೋಟ್ ಬಳಿದು ಮುಚ್ಚಿದ್ದರೆ ಆ ಜಾಗದಲ್ಲಿ ಸ್ವಲ್ಪ ಕೆರೆಯಲು ಒಪ್ಪಿಗೆ ಕೇಳಿ. ಕೊಡದಿದ್ದರೆ ಬೇರೆ ಕಾರು ನೋಡಿ.