ಪ್ಲಾನ್ ಮಾತ್ರ ಸಾಕು ಅಂದವರ ಮನೆ ಮೆಟ್ಟಿಲು

ನಮ್ಮ ಮನೆಗೆ ಯಾರೇ ಬಂದರೂ ಕಾಫಿ ಕೊಡೋಕೆ ಮುಂಚೆ ಹೇಳುವ ಮಾತು ಒಂದಿದೆ. "ಮೇಲೆ ಹೋಗುವಾಗ ತಲೆ ಜೋಪಾನ." ಆರನೇ ಮೆಟ್ಟಿಲ ಮೇಲೆ ನಿಂತರೆ ಬೀಮಿನ ತಳಕ್ಕೆ ಇರೋದು 5 ಅಡಿ 9 ಇಂಚು. ನಮ್ಮೆಜಮಾನರ ಎತ್ತರ 5 ಅಡಿ 10 ಇಂಚು. ಹೊಸ ಮನೆಯಲ್ಲಿ, ಸ್ವಂತ ಮನೆಯಲ್ಲಿ, 20 ವರ್ಷ ಕಂತು ಕಟ್ಟಬೇಕಾದ ಮನೆಯಲ್ಲಿ ಅವರು ದಿನಾ ತಲೆ ಬಗ್ಗಿಸಿ ಹತ್ತುತ್ತಾರೆ.

ಇದು ಹೇಗಾಯಿತು ಅಂತ ಬರೆಯುತ್ತಿದ್ದೇನೆ. ಮನೆ ಕಟ್ಟೋಕೆ ಹೊರಟವರು ದಯವಿಟ್ಟು ಪೂರ್ತಿ ಓದಿ. ತಪ್ಪು ಮೇಸ್ತ್ರಿಯದು ಅಂತ ಎರಡು ವರ್ಷ ಬೈದುಕೊಂಡು ಓಡಾಡಿದೆ. ಮುಕ್ಕಾಲು ಪಾಲು ನಮ್ಮದೇ.

ತುಮಕೂರಿನಲ್ಲಿ 30-40 ಸೈಟು. ನಾವಾಗ ಇದ್ದಿದ್ದು ಬೆಂಗಳೂರಿನಲ್ಲಿ, ಇಬ್ಬರಿಗೂ ಕೆಲಸ. ಮಾವನವರು ರಿಟೈರ್ ಆಗಿ ಊರಲ್ಲೇ ಇದ್ದಾರೆ. ನನ್ನ ಜೊತೆ ಕೆಲಸ ಮಾಡುವವರ ಮೂಲಕ ಒಬ್ಬ ಆರ್ಕಿಟೆಕ್ಟ್ ಸಿಕ್ಕರು. ಮೂವತ್ತು ಮೂವತ್ತೆರಡರ ಹುಡುಗಿ. ಮೊದಲ ದಿನ ಸೈಟಿಗೆ ಬಂದವರು ಟೇಪು ಹಿಡಿದು ಎರಡು ಸುತ್ತು ಹಾಕಿದರು. ಆಮೇಲೆ ಒಂದು ಗಂಟೆ ಬರೀ ಪ್ರಶ್ನೆ. ಬೆಳಿಗ್ಗೆ ಎಷ್ಟಕ್ಕೆ ಏಳ್ತೀರಾ? ಹಬ್ಬಕ್ಕೆ ಎಷ್ಟು ಜನ ಸೇರ್ತಾರೆ? ಮಾವನವರಿಗೆ ಮಂಡಿ ನೋವು ಇದೆಯಾ? ಪಕ್ಕದ ಸೈಟಿನವರು ಮುಂದೆ ಮನೆ ಕಟ್ಟಿದರೆ ನಿಮ್ಮ ಅಡುಗೆಮನೆಗೆ ಬೆಳಕು ಎಲ್ಲಿಂದ ಬರುತ್ತೆ? ಕೊನೇ ಪ್ರಶ್ನೆ ನಮಗೆ ಹೊಳೆದೇ ಇರಲಿಲ್ಲ.

ವಾರದ ಮೇಲೆ ಬಟರ್ ಪೇಪರಿನ ಮೇಲೆ ಪೆನ್ಸಿಲಲ್ಲಿ ಗೀಚಿದ ಮೂರು ಚಿತ್ರ ತಂದರು. ಗೋಡೆ ಇಲ್ಲ, ಅಳತೆ ಇಲ್ಲ. ಬರೀ ಗುಂಡಗುಂಡಗೆ ಹಾಲು, ಅಡುಗೆಮನೆ, ದೇವರಮನೆ. ನಾವು ಬೇಡ ಅಂದಿದ್ದನ್ನು ಅಳಿಸಿ, ಮೇಲೆ ಇನ್ನೊಂದು ಹಾಳೆ ಇಟ್ಟು ಅಲ್ಲೇ ತಿದ್ದುತ್ತಿದ್ದರು. ನಾಲ್ಕನೇ ಸಲಕ್ಕೆ ನಮ್ಮ ಮನೆ ಕಾಣಿಸಿತು. ಥ್ರೀಡಿ ಚಿತ್ರ ಬಂದ ದಿನ ಅದನ್ನು ಕಳಿಸದ ವಾಟ್ಸಪ್ ಗ್ರೂಪಿಲ್ಲ. ಆ ಒಂದು ತಿಂಗಳು ನಿಜಕ್ಕೂ ಚೆನ್ನಾಗಿತ್ತು.

ಆಮೇಲೆ ಬಂತು ಫೀಸಿನ ಮಾತು. ಶುರುವಿಂದ ಗೃಹಪ್ರವೇಶದವರೆಗೂ ಜೊತೆಗಿರೋದಕ್ಕೆ 2 ಲಕ್ಷ. ಪ್ಲಾನು, ಎಲಿವೇಷನ್, ಪಾಲಿಕೆಗೆ ಕೊಡುವ ಸ್ಯಾಂಕ್ಷನ್ ಡ್ರಾಯಿಂಗ್, ಎಂಜಿನಿಯರ್ ಕೈಲಿ ಮಾಡಿಸಿದ ಪಾಯ-ಕಾಲಮ್ಮಿನ ಹಾಳೆ, ಇಷ್ಟೇ ಸಾಕು ಅಂದರೆ 70 ಸಾವಿರ. ಮಾವ ಹೇಳಿದರು, "ಪ್ಲಾನ್ ಬಂತಲ್ಲ, ಇನ್ನೇನು? ಮನೆ ಕಟ್ಟೋದು ಮೇಸ್ತ್ರಿ ತಾನೇ? ನಾನು ದಿನಾ ಹೋಗಿ ನೋಡ್ಕೋತೀನಿ." ನಮಗೂ ಸರಿ ಅನ್ನಿಸಿತು. 1 ಲಕ್ಷದ 30 ಸಾವಿರ ಅಂದರೆ ಮಾಡ್ಯುಲರ್ ಕಿಚನ್‌ಗೆ ಆಯಿತಲ್ವಾ?

ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. ಹೊರಡುವಾಗ ಒಂದೇ ಮಾತು ಹೇಳಿದರು. "ಮೇಡಂ, ಏನಾದ್ರೂ ಬದಲಾಯಿಸೋದಿದ್ರೆ ಮೋಲ್ಡಿಂಗ್‌ಗೆ, ಅಂದ್ರೆ ಸೂರಿಗೆ ಕಾಂಕ್ರೀಟ್ ಹಾಕೋಕೆ ಮುಂಚೆ ಒಂದು ಫೋನ್ ಮಾಡಿ. ಅದಕ್ಕೆ ದುಡ್ಡೇನು ಬೇಡ."

ನಾವು ಮಾಡಲಿಲ್ಲ.

ಈಗ ಅರ್ಥವಾಗಿರುವ ಒಂದು ವಿಷಯ ಹೇಳುತ್ತೇನೆ. ಪಾಲಿಕೆಗೆ ಕೊಡುವ ಹಾಳೆ ಮನೆ ಕಟ್ಟೋಕೆ ಇರುವ ಹಾಳೆ ಅಲ್ಲ. ಅದರಲ್ಲಿರೋದು ಸುತ್ತ ಎಷ್ಟು ಜಾಗ ಬಿಟ್ಟಿದ್ದೀರಿ, ಎಷ್ಟು ವಿಸ್ತೀರ್ಣ ಕಟ್ಟುತ್ತೀರಿ ಅನ್ನೋ ಲೆಕ್ಕ. ಅಧಿಕಾರಿಗೆ ಬೇಕಾದ್ದು. ಮೇಸ್ತ್ರಿಗೆ ಬೇಕಾದ್ದು ವರ್ಕಿಂಗ್ ಡ್ರಾಯಿಂಗ್: ಮೆಟ್ಟಿಲನ್ನು ಅಡ್ಡ ಸೀಳಿದರೆ ಹೇಗೆ ಕಾಣುತ್ತೆ, ಬಾತ್‌ರೂಮ್ ಎಷ್ಟು ತಗ್ಗಬೇಕು, ಪೈಪು ಯಾವ ಗೋಡೆಯಲ್ಲಿ ಇಳಿಯಬೇಕು, ಸ್ವಿಚ್ಚು ಬಾಗಿಲಿನ ಹಿಂದೆ ಹೋಗದಂತೆ ಎಲ್ಲಿರಬೇಕು. ಆರ್ಕಿಟೆಕ್ಟ್‌ಗಳ ಕೌನ್ಸಿಲ್ಲು ಇವರ ಕೆಲಸವನ್ನು ಏಳು ಹಂತ ಮಾಡಿದೆ. ಕಲ್ಪನೆಯ ಚಿತ್ರ, ಪ್ರಾಥಮಿಕ ವಿನ್ಯಾಸ, ಅನುಮತಿಯ ಡ್ರಾಯಿಂಗ್, ವರ್ಕಿಂಗ್ ಡ್ರಾಯಿಂಗ್ ಮತ್ತು ಟೆಂಡರ್ ಕಾಗದ, ಕಾಂಟ್ರ್ಯಾಕ್ಟರ್ ನೇಮಕ, ಕಟ್ಟಡದ ಕೆಲಸ, ಕೊನೆಗೆ ಮುಗಿಸಿ ಒಪ್ಪಿಸೋದು. ನಾವು ಮೂರನೇ ಹಂತದಲ್ಲಿ ಇಳಿದುಬಿಟ್ಟಿದ್ದೆವು. ಮನೆ ಶುರುವಾಗಿದ್ದೇ ಅದರ ಆಚೆ.

ಪಾಯ, ಕಾಲಮ್ಮು, ಪ್ಲಿಂತ್ ಎಲ್ಲ ಚೆನ್ನಾಗೇ ಆಯಿತು. ಮೇಸ್ತ್ರಿ ಕೆಟ್ಟವನಲ್ಲ, ಕೈಕೆಲಸವೂ ನೀಟು. ತೊಂದರೆ ಶುರುವಾಗಿದ್ದು ಮೊದಲ ಮಹಡಿಯ ಮೋಲ್ಡಿಂಗ್‌ಗೆ ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹೊರುವ ಹಲಗೆ ಮತ್ತು ಊರುಗೋಲು, ಹೊಡೆಯುವಾಗ.

ಮೊದಲು ಮೆಟ್ಟಿಲು ಎಷ್ಟು ಅನ್ನೋ ಜಗಳ. ಡ್ರಾಯಿಂಗಿನಲ್ಲಿ 18 ಅಂತ ಇತ್ತು. ಸರಿಸಂಖ್ಯೆ ಬೇಡ, ಬೆಸ ಇರಬೇಕು ಅಂತ ಮಾವ. ಎರಡು ದಿನ ಕೆಲಸ ನಿಂತಿತು. ಆಮೇಲೆ ಗೊತ್ತಾಯಿತು, 18 ಅನ್ನೋದು ರೈಸರ್, ಅಂದರೆ ಎತ್ತರದ ಲೆಕ್ಕ. ಕಾಲಿಡುವ ಜಾಗ ಎಣಿಸಿದರೆ ಲ್ಯಾಂಡಿಂಗೂ ಸೇರಿ 17. ಕೊನೇದು ಮೇಲಿನ ನೆಲವೇ ತಾನೇ? ಬೇಕಾದ ಬೆಸ ಸಂಖ್ಯೆ ಅಲ್ಲೇ ಇತ್ತು. ಎರಡು ನಿಮಿಷದ ಫೋನಿನ ಮಾತು ಅದು.

ಆ ಗಲಾಟೆ ಮುಗಿದ ಖುಷಿಯಲ್ಲಿ ಮೇಸ್ತ್ರಿ ಒಂದು ಐಡಿಯಾ ಕೊಟ್ಟ. "ಅಕ್ಕಾ, ಮೇಲಿನ ರೂಮು ಸಣ್ಣದಾಯ್ತು. ಮೆಟ್ಟಿಲ ಕಡೆ ಬೀಮು ಎರಡೂವರೆ ಅಡಿ ಮುಂದಕ್ಕೆ ತಗೊಂಡ್ರೆ ಒಳ್ಳೆ ವಾರ್ಡ್‌ರೋಬ್ ಕೂರುತ್ತೆ. ಸುಮ್ನೆ ಖಾಲಿ ಬಿಟ್ಟಿದಾರೆ ನೋಡಿ." ಫೋಟೊ ಕಳಿಸಿದ. ಫೋಟೊದಲ್ಲಿ ಹೌದು, ಸುಮ್ನೆ ಖಾಲಿ. ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದ ನಾನು "ಆಯ್ತು" ಅಂತ ಟೈಪ್ ಮಾಡಿದೆ. ಹಿಂದೆ ಒಂದು ಹೆಬ್ಬೆರಳೂ ಕಳಿಸಿದೆ.

ಆ ಖಾಲಿ ಜಾಗ ನಮ್ಮ ತಲೆಗೆ ಬಿಟ್ಟಿದ್ದು.

ಲೆಕ್ಕ ಬಿಡಿಸಿ ಹೇಳುತ್ತೇನೆ, ನಿಮ್ಮ ಮನೆಗೂ ಹಾಕಿ ನೋಡಿ. ನಮ್ಮ ನೆಲದಿಂದ ಮೇಲಿನ ನೆಲಕ್ಕೆ 10 ಅಡಿ 6 ಇಂಚು, ಅಂದರೆ 126 ಇಂಚು. ಅದನ್ನು 18ರಿಂದ ಭಾಗಿಸಿದರೆ ಒಂದು ಮೆಟ್ಟಿಲು 7 ಇಂಚು ಎತ್ತರ. ಬೀಮು ಸ್ಲ್ಯಾಬೂ ಸೇರಿ 15 ಇಂಚು ದಪ್ಪ. ಹಾಗಾಗಿ ಬೀಮಿನ ತಳ ಕೆಳಗಿನ ನೆಲದಿಂದ 111 ಇಂಚು ಮೇಲಿದೆ. ಡ್ರಾಯಿಂಗಿನಲ್ಲಿ ಬೀಮು ಇದ್ದಿದ್ದು ಮೂರನೇ ಮೆಟ್ಟಿಲ ಮೇಲೆ. ಮೂರು ಮೆಟ್ಟಿಲು 21 ಇಂಚು, ಉಳಿದಿದ್ದು 90 ಇಂಚು, ಏಳೂವರೆ ಅಡಿ. ನ್ಯಾಷನಲ್ ಬಿಲ್ಡಿಂಗ್ ಕೋಡ್ ಕೇಳೋದು 2.2 ಮೀಟರ್, ಅಂದರೆ ಸುಮಾರು 7 ಅಡಿ 3 ಇಂಚು. ಆಕೆ ಸರಿಯಾಗೇ ಇಟ್ಟಿದ್ದರು. ಬೀಮು ಎರಡೂವರೆ ಅಡಿ ಮುಂದಕ್ಕೆ ಬಂದಾಗ ಏನಾಯಿತು? ಒಂದೊಂದು ಮೆಟ್ಟಿಲು 10 ಇಂಚು ಅಗಲ, ಅಂದರೆ ಮೂರು ಮೆಟ್ಟಿಲು ದಾಟಿ ಬಂತು. ಆರನೇ ಮೆಟ್ಟಿಲು 42 ಇಂಚು ಎತ್ತರದಲ್ಲಿದೆ. 111ರಲ್ಲಿ 42 ಕಳೆಯಿರಿ.

ಸೆಂಟ್ರಿಂಗ್ ಇರುವಷ್ಟು ದಿನ ಗೊತ್ತೇ ಆಗಲಿಲ್ಲ. ಊರುಗೋಲುಗಳ ಕಾಡಿನ ಮಧ್ಯೆ ಎಲ್ಲರೂ ಬಗ್ಗಿಯೇ ಓಡಾಡುತ್ತಿದ್ದೆವು. ಅದು ಬಿಚ್ಚಿದ ಭಾನುವಾರ ನಮ್ಮೆಜಮಾನರು ಖುಷಿಯಲ್ಲಿ ಮೊದಲು ಹತ್ತಿದರು. ಆ ಶಬ್ದ ಈಗಲೂ ನನ್ನ ಕಿವಿಯಲ್ಲಿದೆ.

ಮೇಸ್ತ್ರಿಯನ್ನು ಕರೆದು ಹೆಡ್‌ರೂಮ್ ನೋಡಿಲ್ವಾ ಅಂತ ಕೇಳಿದೆವು. ಆತ ಮುಗ್ಧವಾಗಿ ಟೆರೇಸ್ ಕಡೆ ಕೈ ತೋರಿಸಿ, "ಹೆಡ್‌ರೂಮು ಇನ್ನೂ ಎಬ್ಬಿಸಿಲ್ಲ ಸಾರ್" ಅಂದ. ಅವರ ಭಾಷೆಯಲ್ಲಿ ಹೆಡ್‌ರೂಮ್ ಅಂದರೆ ಟೆರೇಸಿನ ಮೇಲೆ ಮೆಟ್ಟಿಲಿಗೆ ಕಟ್ಟುವ ಪುಟ್ಟ ರೂಮು. ಆರ್ಕಿಟೆಕ್ಟ್ ಭಾಷೆಯಲ್ಲಿ ಕಾಲಿಡುವ ಮೆಟ್ಟಿಲಿಗೂ ಮೇಲಿನ ಸೂರಿಗೂ ನಡುವಿನ ಎತ್ತರ. ಮೊದಲನೆಯದಕ್ಕೆ ಚದರದ ಲೆಕ್ಕದಲ್ಲಿ ದುಡ್ಡು ಕೊಟ್ಟೆವು. ಎರಡನೆಯದು ಸಿಗಲೇ ಇಲ್ಲ.

ಚದರ ಅಂದಾಗ ನೆನಪಾಯಿತು. ನಮ್ಮ ಕರಾರು ಒಂದೇ ಪುಟ. ಮೆಟೀರಿಯಲ್ ಸಮೇತ ಚದರಕ್ಕೆ ಇಷ್ಟು, ಅಷ್ಟೇ. ಬಾಲ್ಕನಿ ಚದರಕ್ಕೆ ಸೇರುತ್ತಾ? ಸಂಪು, ಕಾಂಪೌಂಡು, ಗೇಟು ಯಾರ ಲೆಕ್ಕ? ಟೈಲ್ಸು ಎಷ್ಟು ರೂಪಾಯಿಯವರೆಗೆ? ಒಂದೂ ಬರೆದಿರಲಿಲ್ಲ. ಎಲ್ಲ ಎಕ್ಸ್‌ಟ್ರಾ ಆಯಿತು. ಹಣ ಕೊಟ್ಟಿದ್ದೂ ಕೇಳಿದಾಗೆಲ್ಲ. ಆತ ಹಬ್ಬ ಅಂತ ಕೇಳಿದ, ಕಂಬಿ ರೇಟು ಏರುತ್ತೆ ಅಂತ ಕೇಳಿದ, ತಂಗಿ ಮದುವೆ ಅಂತ ಕೇಳಿದ. ಪ್ಲಾಸ್ಟರಿಂಗ್ ಶುರುವಾಗುವ ಹೊತ್ತಿಗೆ ನೂರಕ್ಕೆ 85 ಭಾಗ ಹೋಗಿತ್ತು. ಅಲ್ಲಿಂದ ಆತ ವಾರಕ್ಕೆ ಎರಡು ದಿನ ಬಂದರೆ ಜಾಸ್ತಿ. ಆರ್ಕಿಟೆಕ್ಟ್ ಕೊನೆವರೆಗೂ ಇದ್ದರೆ, ಆಗಿರುವ ಕೆಲಸ ಅಳೆದು, ಬಿಲ್ಲು ನೋಡಿ, ಇಷ್ಟು ಕೊಡಬಹುದು ಅಂತ ಬರೆದುಕೊಡುತ್ತಾರೆ. ಒಂದಿಷ್ಟು ಹಣ ಕೊನೆಗೆ ಅಂತ ಹಿಡಿದಿಡಿಸುತ್ತಾರೆ. ಮಾವನವರ ಕೈಲಿ ಅದು ಹೇಗೆ ಸಾಧ್ಯ? ಮೇಸ್ತ್ರಿ ದಿನಾ ಅವರಿಗೆ ಟೀ ತರಿಸುತ್ತಿದ್ದ.

ಬಾತ್‌ರೂಮಿನ ಕತೆ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಇದು ಎಲ್ಲರ ಮನೆಯ ಕತೆ. ಮೇಲಿನ ಬಾತ್‌ರೂಮಿಗೆ ಸ್ಲ್ಯಾಬ್ ತಗ್ಗಿಸಿದ್ದ. ಆ ತಗ್ಗಿಗೆ ವಾಟರ್‌ಪ್ರೂಫಿಂಗ್ ಬಳಿದು, ನೀರು ನಿಲ್ಲಿಸಿ, ಕೆಳಗೆ ಒದ್ದೆ ಬರುತ್ತಾ ನೋಡಿ, ಆಮೇಲೆ ತುಂಬಿಸಬೇಕು. ಆತ ಇಟ್ಟಿಗೆ ಚೂರು ಸುರಿದು ಮೇಲೆ ಟೈಲ್ಸ್ ಹಾಕಿಬಿಟ್ಟ. ಗೃಹಪ್ರವೇಶವಾಗಿ ನಾಲ್ಕು ತಿಂಗಳಿಗೆ ಅಡುಗೆಮನೆಯ ಸೂರಿನಲ್ಲಿ ದೋಸೆ ಆಕಾರದ ಹಳದಿ ಕಲೆ. ಅದು ಬೆಳೀತಾ ಬೆಳೀತಾ ಮಸಾಲೆ ದೋಸೆ ಆಯಿತು. ಟೈಲ್ಸ್ ಕಿತ್ತು ಮತ್ತೆ ಮಾಡಿಸಿದ್ದಕ್ಕೆ 85 ಸಾವಿರ.

ಆಗ ಮುಖ ಗಟ್ಟಿ ಮಾಡಿಕೊಂಡು ಆ ಆರ್ಕಿಟೆಕ್ಟ್‌ಗೇ ಫೋನ್ ಮಾಡಿದೆ. ಬಂದರು. ಒಂದು ಮಾತೂ ಕುಟುಕಲಿಲ್ಲ. ಮೆಟ್ಟಿಲ ಹತ್ತಿರ ಹೋಗಿ ಟೇಪು ಹಿಡಿದರು, ಓದಿದರು, ಸುಮ್ಮನೆ ಟೇಪು ಸುತ್ತಿಕೊಂಡರು. ಆಮೇಲೆ ಕೇಳಿದ ಪ್ರಶ್ನೆಗಳಿಗೆ ನಮ್ಮ ಹತ್ತಿರ ಉತ್ತರವೇ ಇರಲಿಲ್ಲ. ಸ್ಲ್ಯಾಬಿನ ಕಂಬಿ ಹಲಗೆಗೆ ತಾಗದಂತೆ ಕೆಳಗೆ ಕವರ್ ಬ್ಲಾಕ್ ಇಟ್ಟಿದ್ರಾ? ಕಾಂಕ್ರೀಟ್ ಹಾಕುವಾಗ ನೀರು ಯಾರು ಅಳೀತಿದ್ರು? ಕಾಂಕ್ರೀಟಿನ ಗಟ್ಟಿತನ ನೋಡೋಕೆ ಕ್ಯೂಬ್ ತುಂಬಿಸಿ ಟೆಸ್ಟಿಗೆ ಕಳಿಸಿದ್ರಾ? ಕ್ಯೂರಿಂಗ್ ಎಷ್ಟು ದಿನ? ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಿಗೆ ಕಡಿಮೆ ಅಂದರೂ 10 ದಿನ ನೀರು ಹಿಡಿಸಬೇಕಂತೆ. ನಮ್ಮಲ್ಲಿ ಐದನೇ ದಿನಕ್ಕೆ ಮೋಟಾರ್ ಕೆಟ್ಟಿತ್ತು, ಅದು ಮಾತ್ರ ನೆನಪಿದೆ.

ಅವರು ಕರೆತಂದ ಸ್ಟ್ರಕ್ಚರಲ್ ಎಂಜಿನಿಯರ್ ಬೀಮು ನೋಡಿ, ಎರಡೂ ಕಡೆ ಬೇರೆ ಬೀಮಿನ ಮೇಲೆ ಕೂತಿದೆ, ಭಾರಕ್ಕೆ ಭಯವಿಲ್ಲ ಅಂದರು. ಪುಣ್ಯ. ಆದರೆ ಅದನ್ನು ಒಡೆದು ಹಿಂದಿನ ಜಾಗಕ್ಕೆ ತರೋದು ಅಂದರೆ ಮೇಲಿನ ಗೋಡೆ, ವಾರ್ಡ್‌ರೋಬ್, ನೆಲ ಎಲ್ಲ ಹೋಗುತ್ತೆ. ಒಂದೂವರೆ ಲಕ್ಷದ ಅಂದಾಜು. ಬಿಟ್ಟೆವು. ಬಾತ್‌ರೂಮು, ಎಕ್ಸ್‌ಟ್ರಾಗಳು, ಮೇಸ್ತ್ರಿ ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸಿದ್ದು ಎಲ್ಲ ಸೇರಿ ಇಲ್ಲಿಯವರೆಗೆ ಕೊಟ್ಟಿದ್ದು 2 ಲಕ್ಷದ 40 ಸಾವಿರ. ಉಳಿಸಿದ್ದು ಎಷ್ಟು ಅಂತ ಮೇಲೆ ಬರೆದಿದ್ದೇನೆ.

ಹಾಗಂತ ಬೋರ್ಡ್ ಹಾಕಿದವರಿಗೆಲ್ಲ ಹಣ ಕೊಡಿ ಅಂತ ನಾನು ಹೇಳುತ್ತಿಲ್ಲ. 1972ರ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆದವರು ಮಾತ್ರ ಆರ್ಕಿಟೆಕ್ಟ್ ಅಂತ ಹಾಕಿಕೊಳ್ಳಬಹುದು. ನೋಂದಣಿ ಸಂಖ್ಯೆ ಸಿಎ ಅಂತ ಶುರುವಾಗುತ್ತೆ, ಕೇಳಿ, ಕೌನ್ಸಿಲ್ಲಿನ ವೆಬ್‌ಸೈಟಿನಲ್ಲಿ ಹುಡುಕಿ. ಆದರೆ ಆ ಕಾಯ್ದೆ ಹೆಸರನ್ನು ಮಾತ್ರ ಕಾಯುತ್ತೆ, ಮನೆ ವಿನ್ಯಾಸ ಮಾಡೋದನ್ನು ಬೇರೆಯವರಿಗೆ ತಡೆಯೋದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೇ 'ಪ್ಲಾನ್ ಮಾಡಿಕೊಡಲಾಗುತ್ತದೆ' ಅನ್ನೋ ಬೋರ್ಡುಗಳು ಬೀದಿಗೆ ನಾಲ್ಕು. ಅವರಲ್ಲೂ ಒಳ್ಳೆಯವರಿದ್ದಾರೆ. ಯಾರನ್ನೇ ಹಿಡಿಯಿರಿ, ಮೆಟ್ಟಿಲಿನ ಸೆಕ್ಷನ್ ಡ್ರಾಯಿಂಗ್, ಅಂದರೆ ಅಡ್ಡ ಸೀಳಿದ ಚಿತ್ರ, ಕೊಡ್ತೀರಾ ಅಂತ ಮೊದಲ ದಿನವೇ ಕೇಳಿ. ಮುಖ ನೋಡಿದರೆ ಗೊತ್ತಾಗುತ್ತೆ.

ಇನ್ನೊಂದು, ಆರ್ಕಿಟೆಕ್ಟ್ ಅಂದರೆ ದಿನಾ ಸೈಟಿನಲ್ಲಿ ನಿಲ್ಲುವವರಲ್ಲ. ಆಗಾಗ ಬಂದು ನೋಡೋದು ಅವರ ಕೆಲಸ. ದಿನನಿತ್ಯಕ್ಕೆ ಸೈಟ್ ಎಂಜಿನಿಯರ್ ಬೇರೆ ಬೇಕು. ಎಷ್ಟು ಸಲ ಬರ್ತೀರಾ, ಯಾವ ಯಾವ ಹಂತಕ್ಕೆ ಬರ್ತೀರಾ ಅಂತ ಕಾಗದದ ಮೇಲೆ ಬರೆಸಿಕೊಳ್ಳಿ. ಪಾಯದ ಮಾರ್ಕಿಂಗ್ ದಿನ, ಪ್ರತಿ ಮೋಲ್ಡಿಂಗ್‌ಗೆ ಕಂಬಿ ಕಟ್ಟಿ ಮುಗಿದ ದಿನ, ಬಾತ್‌ರೂಮಿಗೆ ನೀರು ನಿಲ್ಲಿಸಿದ ದಿನ, ಇಷ್ಟಕ್ಕಾದರೂ ಅವರು ಇರಲೇಬೇಕು. ಪೂರ್ತಿ ಫೀಸು ಕೊಡೋಕೆ ಆಗಲ್ಲ ಅಂದರೆ ಈ ಭೇಟಿಗಳಿಗೆ ಮಾತ್ರ ಇಷ್ಟು ಅಂತ ಮಾತಾಡಿ, ಒಪ್ಪುವವರಿದ್ದಾರೆ. ಮತ್ತೆ, ಮೇಸ್ತ್ರಿ ಫೋಟೊ ಕಳಿಸಿ "ಸುಮ್ನೆ ಖಾಲಿ ಇದೆ" ಅಂದರೆ ಹೆಬ್ಬೆರಳು ಕಳಿಸಬೇಡಿ.

ಬೀಮಿನ ಅಂಚಿಗೆ ಈಗ ಸ್ಪಂಜು ಸುತ್ತಿ, ಮೇಲೆ ನನ್ನ ಹಳೇ ಕೆಂಪು ಸೀರೆಯ ತುಂಡು ಹೊಲಿದಿದ್ದೇನೆ. ಮಾವ ಆ ಕಡೆ ನೋಡೋದಿಲ್ಲ. ಎಂಟು ವರ್ಷದ ಮಗಳಿಗೆ ಮಾತ್ರ ಅದು ತಮಾಷೆ. ಯಾರಾದರೂ ಮೆಟ್ಟಿಲ ಕಡೆ ಹೊರಟರೆ ಸಾಕು, ಹೋಮ್‌ವರ್ಕ್ ಬಿಟ್ಟು ಓಡಿ ಬಂದು ಕೆಳಗೆ ನಿಂತು ಎಣಿಸುತ್ತಾಳೆ. "ನಾಲ್ಕು... ಐದು... ಅಂಕಲ್, ತಲೆ!"